ಯಾರಾದರೂ ವಿಚಾರಿಸಿದರೆ

ಮಗಳ ಬಾಯಿ ಜೋರು ಎಂಬುದನ್ನು ಲೋಕದಿಂದ ಮುಚ್ಚಿಡುವುದು ಅಮ್ಮ ಮೂವತ್ತು ವರ್ಷಗಳಿಂದ ಸಂಬಳವಿಲ್ಲದೆ ಮಾಡಿಕೊಂಡು ಬಂದ ಕೆಲಸ. ಶಾಲೆಯಲ್ಲಿ ಟೀಚರ್ ದೂರು ಹೇಳಿದಾಗ, ಹುಡುಗಿಗೆ ಎರಡು ದಿನದಿಂದ ಮೈ ಬೆಚ್ಚಗಿತ್ತು ಎಂದಿದ್ದಳು. ನೆಂಟರ ಮನೆಯಲ್ಲಿ ಮಗಳು ದೊಡ್ಡಪ್ಪನಿಗೆ ಎದುರಾಡಿದಾಗ, ಅದು ತಮಾಷೆಗೆ ಅಂದದ್ದು ಎಂದು ತಾನೇ ಮೊದಲು ನಕ್ಕು ಉಳಿದವರನ್ನೂ ನಗಿಸಿದ್ದಳು. ಮಗಳು ಬೆಳೆದು ಲಿಫ್ಟ್ ತಪಾಸಣೆಯ ಕೆಲಸಕ್ಕೆ ಸೇರಿ, ದೊಡ್ಡ ದೊಡ್ಡ ಕಟ್ಟಡಗಳ ಮಾಲೀಕರ ಜೊತೆ ದಿನಬೆಳಗಾದರೆ ಜಗಳ ಕಾಯತೊಡಗಿದ ಮೇಲಂತೂ ಅಮ್ಮನಿಗೆ ರಜೆ ಎಂಬುದೇ ಇರಲಿಲ್ಲ.

ಅಂಥ ಮಗಳು ಈಗ ಈ ಪರದೇಶಕ್ಕೆ, ಅಣ್ಣನ ಮನೆಗೆ ಬಂದು ಹನ್ನೊಂದು ವಾರವಾಗಿತ್ತು. ಅಮ್ಮ ಮಗ ಸೊಸೆಯ ಜೊತೆ ಇಲ್ಲಿ ನಾಲ್ಕು ವರ್ಷದಿಂದ ಇದ್ದಾಳೆ. ಮಗಳು ಬಂದದ್ದು ನೆಂಟಳಾಗಿ ಅಲ್ಲ, ಖಾಯಂ ಆಗಿ ನೆಲೆಸುವ ಅನುಮತಿ ಪಡೆದು. ಆ ಅನುಮತಿ ಸಿಕ್ಕಿದ್ದು ಅಣ್ಣನ ದಯೆಯಿಂದಲ್ಲ, ತನ್ನ ಕಸುಬಿನ ಬಲದಿಂದ ಎಂದು ಅವಳು ದಿನಕ್ಕೊಮ್ಮೆಯಾದರೂ ನೆನಪಿಸುತ್ತಿದ್ದಳು. ತಮಾಷೆಯೆಂದರೆ, ಕಸುಬು ನೋಡಿ ಬಾ ಎಂದು ಕರೆದ ದೇಶದಲ್ಲಿ ಆ ಕಸುಬಿನ ಕೆಲಸ ಕೊಡುವವರೇ ಸಿಗಲಿಲ್ಲ. ನಲವತ್ತಾರು ಅರ್ಜಿ ಹಾಕಿದಳು. ಬಂದ ಉತ್ತರಗಳೆಲ್ಲ ಒಂದೇ ರಾಗ: ಈ ದೇಶದಲ್ಲಿ ಕೆಲಸ ಮಾಡಿದ ಅನುಭವ ಇದೆಯೇ? ಒಂದು ಕಂಪನಿಗಂತೂ ಅವಳು, ನೀವು ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು ಎಂದು ತಿರುಗಿ ಬರೆದಳು. ಅಲ್ಲಿಂದ ಮತ್ತೆ ಉತ್ತರ ಬರಲಿಲ್ಲ.

ಮನೆಯಲ್ಲಿ ಇದ್ದದ್ದು ಮೂರು ಕೋಣೆ. ಮಗಳ ಹಾಸಿಗೆ ನಡುಕೋಣೆಯ ಸೋಫಾದ ಮೇಲೆ. ಮಗ ಊರಿನಲ್ಲಿ ಗಣಿತದ ಮೇಷ್ಟ್ರಾಗಿದ್ದವನು, ಇಲ್ಲಿ ನಗರದ ಬಸ್ಸು ಓಡಿಸುತ್ತಿದ್ದ; ನಾಲ್ಕೂವರೆಗೆ ಎದ್ದು ಕತ್ತಲಲ್ಲಿ ತಂಗಿಯ ಚಪ್ಪಲಿ ಎಡವಿ ಗೊಣಗಿಕೊಂಡೇ ಹೊರಡುತ್ತಿದ್ದ. ಸೊಸೆಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಇಡೀ ದಿನ ಬಿಸಿ ಆರದ ಹಾಸಿಗೆ ಬಟ್ಟೆ ಮಡಿಸಿ ಬರುವ ಅವಳು ಮನೆಯಲ್ಲಿ ಒಂದು ಟವೆಲನ್ನೂ ಮಡಿಸುವುದಿಲ್ಲ ಎಂದು ಪಣ ತೊಟ್ಟಿದ್ದಳು. ಹಾಗಾಗಿ ಅಡುಗೆಯೂ ಬಟ್ಟೆಯೂ ಅಮ್ಮನ ಪಾಲು. ಮಗಳು ಪಾತ್ರೆ ತೊಳೆಯುತ್ತಿದ್ದಳು, ಅದನ್ನೂ ಚೆನ್ನಾಗಿಯೇ ತೊಳೆಯುತ್ತಿದ್ದಳು, ಆದರೆ ಬೇರೆಯವರು ತೊಳೆದಿಟ್ಟದ್ದನ್ನು ಬೆಳಕಿಗೆ ಹಿಡಿದು ನೋಡಿ ವಾಪಸ್ ಸಿಂಕಿಗೆ ಹಾಕುವ ಚಾಳಿ ಇತ್ತು. ಅಣ್ಣ ಅವಳಿಗೆ 'ತಪಾಸಣೆ' ಎಂದು ಹೆಸರಿಟ್ಟಿದ್ದ.

ಒಂದು ಸಂಜೆ ಊಟಕ್ಕೆ ಕುಳಿತಾಗ ಮಗ, ದೊಡ್ಡ ಅಂಗಡಿಯೊಂದರಲ್ಲಿ ಡಬ್ಬಿ ಜೋಡಿಸುವ ಕೆಲಸವಿದೆ ಎಂದು ಸುದ್ದಿ ಹೇಳಿದ.

"ಸೋಮವಾರದಿಂದ ಬರಲಿ ಅಂದಿದ್ದಾರೆ. ನಾನು ಮಾತು ಕೊಟ್ಟಾಗಿದೆ."

"ಮಾತು ಕೊಟ್ಟೋನು ನೀನು. ಡಬ್ಬೀನೂ ನೀನೇ ಜೋಡಿಸು," ಎಂದಳು ಮಗಳು, ಪಲ್ಯ ಬಡಿಸಿಕೊಳ್ಳುತ್ತ.

"ಪಾಠ ಮಾಡ್ತಿದ್ದ ನಾನು ಸ್ಟೇರಿಂಗ್ ಹಿಡೀಲಿಲ್ವಾ? ನನ್ನ ಕಿರೀಟ ಏನಾದ್ರೂ ಬಿದ್ದು ಹೋಯ್ತಾ?"

"ನೀನು ಹಿಡಿದೆ. ಆಮೇಲೆ ಮೇಷ್ಟ್ರ ಕೆಲಸಕ್ಕೆ ಒಂದು ಅರ್ಜೀನೂ ಹಾಕಲಿಲ್ಲ. ನನಗೆ ಭಯ ಇರೋದು ಅದೇ, ಅಣ್ಣ."

ಅಮ್ಮನ ಕೈತುತ್ತು ಬಾಯಿಗೆ ಹೋಗಲಿಲ್ಲ. ಮಗ, ತನಗೆ ಬಸ್ಸೇ ಇಷ್ಟವಾಗಿರಬಹುದು ಎಂದು ಯಾರಿಗೂ ಯಾಕೆ ಹೊಳೆಯುವುದಿಲ್ಲ, ಹಿಂದೆ ಕುಳಿತ ಐವತ್ತು ಜನರಲ್ಲಿ ಒಬ್ಬರೂ ಸಂಶಯ ಕೇಳುವುದಿಲ್ಲ, ಮನೆಗೆ ತಂದು ತಿದ್ದಬೇಕಾದ ಪುಸ್ತಕವಿಲ್ಲ ಎಂದ. ಸೊಸೆಗೆ ನಗು ತಡೆಯಲಾಗದೆ ನೀರು ನೆತ್ತಿಗೇರಿತು. ಆ ಗಡಿಬಿಡಿಯಲ್ಲಿ ಒಪ್ಪಂದವೂ ಆಯಿತು. ತಿಂಗಳ ಕೊನೆಯವರೆಗೆ, ಎಂದರೆ ಇನ್ನು ಮೂರು ವಾರ, ಮಗಳು ತನ್ನ ಕಸುಬಿನ ಕೆಲಸ ಹುಡುಕಬಹುದು. ಸಿಗದಿದ್ದರೆ ತುಟಿಪಿಟಕ್ಕೆನ್ನದೆ ಡಬ್ಬಿ ಜೋಡಿಸಬೇಕು.

ಒಂದು ವಾರ ಕಳೆಯುವುದರೊಳಗೆ ಒಂದು ಸಣ್ಣ ಕಂಪನಿಯಿಂದ ಕರೆ ಬಂತು. ಲಿಫ್ಟುಗಳನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವುದಷ್ಟೇ ಅವರ ಕೆಲಸ. ಬಿಳಿಕೂದಲ ಹೆಂಗಸೊಬ್ಬಳು ಅದರ ಮುಖ್ಯಸ್ಥೆ. ಆಕೆ ಮಗಳನ್ನು ಒಂದು ಹಳೆಯ ಕಟ್ಟಡಕ್ಕೆ ಕರೆದೊಯ್ದು, ಈ ಲಿಫ್ಟಿನಲ್ಲಿ ಪರೀಕ್ಷೆಗೆಂದೇ ಮೂರು ತಪ್ಪು ಇಟ್ಟಿದ್ದೇವೆ, ಹುಡುಕು ಎಂದಳಂತೆ. ಮಗಳು ನಾಲ್ಕು ಹುಡುಕಿದಳು. ನಾಲ್ಕನೆಯದು ಅವರಿಗೇ ಗೊತ್ತಿರಲಿಲ್ಲ. ಎಲ್ಲ ಮುಗಿದಂತೆಯೇ, ಇನ್ನು ನಿನ್ನ ಹಳೆಯ ಸೂಪರ್‌ವೈಸರಿಗೆ ಒಂದು ಫೋನ್ ಮಾಡಿ ವಿಚಾರಿಸುವುದಷ್ಟೇ ಬಾಕಿ ಎಂದು ಆಕೆ ಕೈ ಕುಲುಕಿ ಕಳಿಸಿದಳು.

ಮಗಳು ಮನೆಗೆ ಬಂದವಳೇ ಅಡುಗೆಮನೆಯಲ್ಲಿ ಅಮ್ಮನನ್ನು ಸೌಟಿನ ಸಮೇತ ಎತ್ತಿ ಒಂದು ಸುತ್ತು ತಿರುಗಿಸಿದಳು. ಅಮ್ಮ ಬೈದುಕೊಂಡೇ ಸಿಹಿ ಮಾಡಿದಳು. ಮಗ ಎರಡನೇ ಸಲ ಬಡಿಸಿಕೊಂಡು, ಡಬ್ಬಿ ಅಂಗಡಿಯವನಿಗೆ ಏನು ಹೇಳಲಿ ಎಂದು ಸುಳ್ಳು ಸುಳ್ಳೇ ಚಿಂತೆ ಮಾಡಿದ.

ಆರನೆಯ ದಿನ ಫೋನ್ ಬಂತು. ಮಗಳು ಬಾಲ್ಕನಿಯಲ್ಲಿ ನಿಂತು ಮಾತಾಡಿದಳು. ಒಳಗೆ ಬಂದಾಗ ಅವಳ ಮುಖದಲ್ಲಿ ಇದ್ದದ್ದು ದುಃಖವಲ್ಲ, ಆಶ್ಚರ್ಯ.

"ಕೆಲಸ ಇಲ್ಲ ಅಂದ್ರು. ನಾನು ತುಂಬಾ ಮೆತ್ತಗಿನ ಹುಡುಗಿಯಂತೆ."

"ಯಾರು?" ಎಂದ ಮಗ.

"ನಾನು. ಯಾರು ಏನು ಹೇಳಿದ್ರೂ ಹೂಂ ಅಂತೀನಂತೆ. ಇಷ್ಟು ವರ್ಷದಲ್ಲಿ ಒಬ್ಬರಿಗೂ ಆಗಲ್ಲ ಅಂದಿಲ್ವಂತೆ. ಅವರಿಗೆ ಆಗಲ್ಲ ಅನ್ನೋಕೆ ಬರೋರು ಬೇಕಂತೆ. ಸೂಪರ್‌ವೈಸರ್ ಸಾರೇ ಹೇಳಿದ್ರಂತೆ, ನನ್ನಷ್ಟು ತಗ್ಗಿ ಬಗ್ಗಿ ನಡೆಯೋರು ಇಲ್ಲ ಅಂತ."

ಮಗ ನಕ್ಕ. ಸೊಸೆ ನಕ್ಕಳು. ಆಮೇಲೆ ಮಗಳ ಕಣ್ಣು ತುಂಬಿದ್ದು ಕಂಡು ಇಬ್ಬರೂ ನಿಲ್ಲಿಸಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ನೋಡು ಎಂದು ಮಗ ಮೆಲ್ಲಗೆ ಹೇಳಿ, ತಂಗಿಯ ತಟ್ಟೆಗೆ ತಾನೇ ಅನ್ನ ಹಾಕಿದ. ಮಗಳು ಉಣ್ಣಲಿಲ್ಲ. ಎಂಟು ವರ್ಷ ಕೈಕೆಳಗೆ ದುಡಿದದ್ದಕ್ಕೆ ಆ ಮನುಷ್ಯ ಯಾವ ಸೇಡು ತೀರಿಸಿಕೊಂಡ ಎಂದು ಒಂದೇ ಮಾತನ್ನು ಹತ್ತು ಸಲ ಕೇಳಿದಳು. ಅಮ್ಮ ಮಾತ್ರ ಆ ಹೊತ್ತಿಗೆ ಅಡುಗೆಮನೆ ಸೇರಿ, ಹೆಚ್ಚಿಟ್ಟಿದ್ದ ಬೀನ್ಸನ್ನೇ ಮತ್ತೆ ಹೆಚ್ಚುತ್ತಿದ್ದಳು. ಯಾಕೆಂದರೆ ಸೂಪರ್‌ವೈಸರ್ ಯಾಕೆ ಹಾಗೆ ಹೇಳಿದರು ಎಂಬುದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಮಾರನೆಯ ದಿನ ಮಗಳು ಹೊರಗೆ ಹೋದ ಮೇಲೆ ಅಮ್ಮ ಸೊಸೆಯನ್ನು ಹಿಡಿದು ಕೂರಿಸಿ ನಡೆದದ್ದನ್ನೆಲ್ಲ ಹೇಳಿದಳು. ಎರಡು ಬಸ್ ಸ್ಟಾಪ್ ಆಚೆ ನಮ್ಮ ಭಾಷೆಯವರದೇ ಒಂದು ಕನ್ನಡಕದ ಅಂಗಡಿ ಇತ್ತು. ಅಂಗಡಿಯವನಿಗೆ ಇನ್ನೂ ಮದುವೆಯಾಗಿರಲಿಲ್ಲ. ಅವನ ತಾಯಿ ಪಾರ್ಕಿನಲ್ಲಿ ಅಮ್ಮನಿಗೆ ಪರಿಚಯವಾಗಿ, ಮಾತು ಮಾತಿನಲ್ಲಿ, ನಿಮ್ಮ ಮಗಳ ಬಗ್ಗೆ ಊರಿನಲ್ಲಿ ಯಾರನ್ನಾದರೂ ವಿಚಾರಿಸಬಹುದೇ ಎಂದಿದ್ದಳು. ಅಮ್ಮ ಸೂಪರ್‌ವೈಸರ್ ನಂಬರು ಕೊಟ್ಟು, ಅದೇ ದಿನ ಅವರಿಗೆ ಫೋನ್ ಮಾಡಿ ಪಾಠ ಹೇಳಿಕೊಟ್ಟಿದ್ದಳು: ಇಲ್ಲಿಂದ ಗಂಡಿನ ಕಡೆಯ ಒಬ್ಬ ಹೆಂಗಸು ಫೋನ್ ಮಾಡಬಹುದು, ಮಗಳು ಹೇಗೆ ಎಂದು ಕೇಳಬಹುದು, ಒಳ್ಳೆಯದು ನಾಲ್ಕು ಮಾತು ಹೇಳಿ, ಜಗಳದ ವಿಷಯ ಮಾತ್ರ ಎತ್ತಬೇಡಿ. ಅದೇ ವಾರ ಮಗಳೂ ಅವರಿಗೆ, ಇಲ್ಲಿಂದ ಫೋನ್ ಬರಬಹುದು ಸಾರ್ ಎಂದು ಹೇಳಿಟ್ಟಿದ್ದಳು. ನಿವೃತ್ತರಾದ ಆ ಮುದುಕರಿಗೆ ಎರಡೂ ಒಂದೇ ಫೋನ್ ಎನಿಸಿತ್ತು. ಕನ್ನಡಕದವನ ತಾಯಿ ಇನ್ನೂ ಫೋನೇ ಮಾಡಿರಲಿಲ್ಲ. ಮಾಡಿದವಳು ಬಿಳಿಕೂದಲ ಮುಖ್ಯಸ್ಥೆ. ಹುಡುಗಿಗೆ ಸಿಟ್ಟು ಬರುತ್ತದೆಯೇ, ದೊಡ್ಡವರು ಹೇಳಿದರೆ ಕೇಳುತ್ತಾಳೆಯೇ ಎಂದು ಆಕೆ ಕೇಳಿದ್ದು ಅವರ ಕಿವಿಗೆ ಗಂಡಿನ ತಾಯಿ ಕೇಳಿದಂತೆಯೇ ಇತ್ತು; ಮಾತು ಇಂಗ್ಲಿಷಿನಲ್ಲಿದ್ದರೂ, ಪರದೇಶದ ಬೀಗರು ಹಾಗೇ ಎಂದುಕೊಂಡಿದ್ದರು.

ಸೊಸೆ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ನಕ್ಕು ನಕ್ಕು ನೆಲದ ಮೇಲೇ ಕುಳಿತಳು. ಅಮ್ಮ ಅಳುತ್ತಿದ್ದಾಳೆಂದು ತಿಳಿದ ಮೇಲೆ ಎದ್ದು ಬಂದು ಪಕ್ಕದಲ್ಲಿ ಕುಳಿತು ಬೆನ್ನು ಸವರಿದಳು.

"ಅತ್ತೆ, ಗಂಟು ಹಾಕಿದೋರು ನೀವು. ಬಿಚ್ಚಬೇಕಾದೋರೂ ನೀವೇ."

ಅಮ್ಮ ಆಗಲೇ ಸೂಪರ್‌ವೈಸರಿಗೆ ಫೋನ್ ಹಚ್ಚಿದಳು. ವಿಷಯ ತಿಳಿದು ಅವರು ಅತ್ತ ಕಡೆಯಿಂದ ಬಹಳ ಹೊತ್ತು ಅಯ್ಯೋ ಅಯ್ಯೋ ಎಂದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ನಾನು ಹತ್ತೋ ಹನ್ನೆರಡೋ ಹೇಳಿದೆ ಅಷ್ಟೇ ಎಂದರು. ಆಮೇಲೆ ಅವರ ದನಿ ಗಟ್ಟಿಯಾಯಿತು.

"ಆ ಕಂಪನಿಯವರು ಮತ್ತೆ ಕೇಳಿದ್ರೆ ಖಂಡಿತ ನಿಜ ಹೇಳ್ತೀನಿ ಅಮ್ಮಾ. ಆದ್ರೆ ಒಂದು ಮಾತು. ಆ ಹುಡುಗಿ ಬಗ್ಗೆ ಒಬ್ಬರ ಹತ್ರ ಹಾಗೆ, ಇನ್ನೊಬ್ಬರ ಹತ್ರ ಹೀಗೆ ಹೇಳೋಕೆ ಇನ್ನು ನನ್ನಿಂದಾಗಲ್ಲ. ಈ ಸಲ ಹೇಳಿದ್ದೇ ಗಂಟಲಲ್ಲಿ ಮುಳ್ಳಾಗಿ ಕೂತಿದೆ. ಕೆಲಸದೋರು ಕೇಳಿದ್ರೂ ನಿಜ, ಬೀಗರು ಕೇಳಿದ್ರೂ ನಿಜ. ಯೋಚನೆ ಮಾಡಿ ಹೇಳಿ."

ಅಮ್ಮ ಯೋಚಿಸಿದಳು. ಕನ್ನಡಕದ ಅಂಗಡಿ ಚೆನ್ನಾಗಿ ನಡೆಯುತ್ತಿತ್ತು. ಹುಡುಗ ನೋಡಲು ಲಕ್ಷಣವಾಗಿದ್ದ. ಎರಡೇ ಸ್ಟಾಪ್ ದೂರ, ಸಂಜೆ ನಡೆದುಕೊಂಡು ಹೋಗಿ ಮಗಳ ಮುಖ ನೋಡಿ ಬರಬಹುದಿತ್ತು. ಆ ಆಸೆ ಅವಳಿಗೆ ಬಹಳ ಇತ್ತು. ಆದರೆ ಸೋಫಾದ ಮೇಲೆ ಮಗಳು ಮಡಿಸಿಟ್ಟು ಹೋದ ಹೊದಿಕೆ ಕಣ್ಣೆದುರೇ ಇತ್ತು. ಮೂಲೆಗೆ ಮೂಲೆ ಕೂಡಿಸಿ, ಅಳತೆ ಹಿಡಿದು ಮಡಿಸಿದ್ದಳು.

"ನಿಜಾನೇ ಹೇಳಿ," ಎಂದಳು ಅಮ್ಮ. "ಯಾರು ಕೇಳಿದ್ರೂ."

ಆದರೆ ಕಂಪನಿಯವರು ಮತ್ತೆ ಯಾಕೆ ಕೇಳುತ್ತಾರೆ? ಅವರ ಪಾಲಿಗೆ ಆ ಕಥೆ ಮುಗಿದಿತ್ತು. ತಿಂಗಳು ಮುಗಿಯಲು ಐದು ದಿನ ಉಳಿದಿತ್ತು. ಮಗಳು ಡಬ್ಬಿ ಅಂಗಡಿಯ ಸಮವಸ್ತ್ರದ ಅಳತೆ ಕೊಟ್ಟು ಬಂದು, ಯಾರ ಜೊತೆಗೂ ಜಗಳವಾಡದೆ ಕುಳಿತಿದ್ದಳು. ಪಾತ್ರೆಗಳನ್ನು ಬೆಳಕಿಗೆ ಹಿಡಿದು ನೋಡುವುದನ್ನೂ ಬಿಟ್ಟಿದ್ದಳು. ಇದನ್ನು ನೋಡಲಾಗದೆ ಬುಧವಾರ, ಸೊಸೆಗೆ ರಜೆಯ ದಿನ, ಅತ್ತೆ ಸೊಸೆ ಇಬ್ಬರೂ ತರಕಾರಿಗೆಂದು ಹೇಳಿ ಹೊರಟರು. ಮಗ ಓಡಿಸುವ ಬಸ್ಸು ತಪ್ಪಿಸಲು ಎರಡು ಬಸ್ಸು ಬದಲಿಸಿ, ಸುತ್ತಿ ಬಳಸಿ ಕಂಪನಿಯ ಆಫೀಸು ತಲುಪಿದರು.

ಚಿಕ್ಕ ಆಫೀಸು. ಮೇಜಿನ ಮೇಲೆ ಕತ್ತರಿಸಿದ ಉಕ್ಕಿನ ಹಗ್ಗದ ತುಂಡುಗಳು, ಗ್ರೀಸಿನ ವಾಸನೆ, ಗೋಡೆಗೆ ಒರಗಿಸಿದ ಒಂದು ಲಿಫ್ಟ್ ಬಾಗಿಲು. ಮುಖ್ಯಸ್ಥೆ ಐದು ನಿಮಿಷ ಕೊಡುತ್ತೇನೆ ಎಂದಳು. ಅಮ್ಮ ತನ್ನ ಭಾಷೆಯಲ್ಲಿ ಹೇಳುತ್ತ ಹೋದಳು, ಸೊಸೆ ಇಲ್ಲಿಯ ಭಾಷೆಗೆ ತಿರುಗಿಸಿದಳು. ಮಗಳು ಮೆತ್ತಗಿನವಳು ಎಂದದ್ದು ಸುಳ್ಳು, ಸುಳ್ಳು ಹೇಳಿಸಿದವಳು ತಾನು, ಮದುವೆಗಾಗಿ ಹೇಳಿಸಿದ್ದು, ಹುಟ್ಟಿದಾಗಿನಿಂದ ಅವಳು ಜಗಳಗಂಟಿ ಎಂದು ಅಮ್ಮ ಒಂದೇ ಉಸಿರಿಗೆ ಹೇಳಿದಳು. ಸೊಸೆ ಎರಡೇ ವಾಕ್ಯದಲ್ಲಿ ಮುಗಿಸಿದಳು. ಅಮ್ಮನಿಗೆ ಭಾಷೆ ಬಾರದಿದ್ದರೂ ಉದ್ದ ಗಿಡ್ಡ ತಿಳಿಯುತ್ತಿತ್ತು.

"ಜಗಳಗಂಟಿ ಅನ್ನೋದನ್ನ ಹೇಳಿದ್ಯಾ?"

"ಸ್ವಲ್ಪ ನೇರ ಮಾತಿನವಳು ಅಂದೆ ಅತ್ತೆ. ಮನೆ ಹುಡುಗಿ ಅಲ್ವಾ."

"ನೇರ ಗೀರ ಬೇಡ. ಜಗಳಗಂಟಿ ಅಂತಲೇ ಹೇಳು."

ಸೊಸೆ ಹೇಳಿದಳು. ಮುಖ್ಯಸ್ಥೆ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು, ಒಂದು ಉದಾಹರಣೆ ಕೊಡಿ ಎಂದಳು.

ಅಮ್ಮ ಬಟ್ಟೆ ಅಂಗಡಿಯ ಕಥೆ ಹೇಳಿದಳು. ಊರಿನ ಐದು ಮಹಡಿಯ ಅಂಗಡಿ, ರಿಯಾಯಿತಿ ಮಾರಾಟದ ಮೊದಲ ದಿನ, ಕಾಲಿಡಲು ಜಾಗವಿಲ್ಲ. ಮಗಳು ಲಿಫ್ಟಿನ ಹಗ್ಗ ನೋಡಿ, ಎಳೆಗಳು ಕಡಿದಿವೆ, ನಿಲ್ಲಿಸಿ ಎಂದಳು. ಮಾಲೀಕ, ಮಾರಾಟ ಮುಗಿದ ಮೇಲೆ ನೋಡೋಣ ಎಂದ. ಅವಳು ಬೀಗ ಹಾಕಿ, ಲಿಫ್ಟಿನ ಬಾಗಿಲಿಗೆ ಅಡ್ಡ ಒಂದು ಸ್ಟೂಲು ಎಳೆದುಕೊಂಡು ಕುಳಿತುಬಿಟ್ಟಳು. ಮಾಲೀಕ ಸೂಪರ್‌ವೈಸರನ್ನು ಕರೆಸಿದ. ಅವರು, ಎದ್ದು ಬಾಮ್ಮ, ದೊಡ್ಡ ಗಿರಾಕಿ ಎಂದರು. ಹಾಗಾದರೆ ನೀವು ರುಜು ಹಾಕಿ ಸಾರ್, ನಾನು ಹಾಕುವುದಿಲ್ಲ ಎಂದಳು. ಅವರೂ ಹಾಕಲಿಲ್ಲ. ಮೂರು ಗಂಟೆ ಹಾಗೇ ಕುಳಿತಿದ್ದಳು, ಹೊಸ ಹಗ್ಗ ಬರುವವರೆಗೆ. ಮಾಲೀಕ ಕೊನೆಗೆ ಮನೆಗೇ ಫೋನ್ ಮಾಡಿ, ಎಂಥ ಮಗಳನ್ನು ಹೆತ್ತಿದ್ದೀರಿ ಎಂದು ಅಮ್ಮನಿಗೂ ಬೈದ. ಮಾರನೆಯ ವಾರ ಮಗಳು ತಾನಾಗಿಯೇ ಆ ಅಂಗಡಿಗೆ ಹೋಗಿ, ಮಾಲೀಕನ ಮುದಿತಾಯಿಯನ್ನು ಕೈಹಿಡಿದು ಅದೇ ಲಿಫ್ಟಿನಲ್ಲಿ ಐದನೇ ಮಹಡಿಗೆ ಕರೆದೊಯ್ದು, ಹೊಸ ಹಗ್ಗ ಸರಿಯಾಗಿದೆ ಎಂದು ತೋರಿಸಿ ಬಂದಳು.

ಹೇಳುತ್ತ ಹೇಳುತ್ತ ಅಮ್ಮನ ದನಿ ಏರಿತ್ತು. ಇದನ್ನು ಅವಳು ಇದುವರೆಗೆ ಯಾರಿಗೂ ಹೇಳಿರಲಿಲ್ಲ, ಮುಚ್ಚಿಟ್ಟದ್ದೇ ಬಂತು. ಬಾಯಿಬಿಟ್ಟು ಹೇಳಿದಾಗ ಅದು ದೂರಿನಂತೆ ಕೇಳಿಸಲೇ ಇಲ್ಲ. ತನಗೆ ಹೆಮ್ಮೆಯಾಗುತ್ತಿದೆ ಎಂಬುದು ಅವಳಿಗೆ ಅಲ್ಲೇ, ಆ ಗ್ರೀಸಿನ ವಾಸನೆಯ ನಡುವೆಯೇ ಗೊತ್ತಾಯಿತು.

ಮುಖ್ಯಸ್ಥೆ ಸೊಸೆಯ ಕಡೆ ತಿರುಗಿ ಬಹಳ ಹೊತ್ತು ಮಾತಾಡಿದಳು. ಮಗಳಿಗೆ ಕೆಲಸ ಕೊಡಿ ಎಂದು ತಾಯಿ ಬಂದರೆ ಬಾಗಿಲು ತೋರಿಸುವವಳಂತೆ ಆಕೆ. ನಮ್ಮಲ್ಲಿ ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೇವಲ್ಲ, ಅಂಥದೇ ಏನೋ ಒಂದು ಮಾತು ಅವರಲ್ಲೂ ಇದೆಯಂತೆ. ಆದರೆ ಮಗಳ ಮೇಲೆ ದೂರು ಹೇಳಲು ಬಂದ ತಾಯಿಯನ್ನು ಇದೇ ಮೊದಲು ನೋಡಿದ್ದಂತೆ. ಹಾಗೆಂದು ತಾಯಿಯ ಮಾತಿನ ಮೇಲೆ ಕೆಲಸ ಕೊಡಲಾಗದು, ಸೂಪರ್‌ವೈಸರಿಗೆ ಇನ್ನೊಮ್ಮೆ ಫೋನ್ ಮಾಡುತ್ತೇನೆ ಎಂದಳು. ಎದ್ದು ಹೊರಡುವಾಗ ಆಕೆ ಮತ್ತೊಂದು ಪ್ರಶ್ನೆ ಕೇಳಿದಳು, ಕೆಲಸಕ್ಕಲ್ಲ, ಸುಮ್ಮನೆ.

"ಆ ದಿನ ಮಗಳು ಮನೆಗೆ ಬಂದಾಗ ನೀವು ಏನು ಹೇಳಿದ್ರಿ ಅಂತ ಕೇಳ್ತಿದ್ದಾರೆ, ಅತ್ತೆ."

"ಬೈದೆ ಅಂತ ಹೇಳು," ಎಂದಳು ಅಮ್ಮ. ಬಸ್ಸಿನಲ್ಲಿ ವಾಪಸ್ ಬರುವಾಗ ತರಕಾರಿ ತರಲು ಇಬ್ಬರೂ ಮರೆತರು.

ಮಾರನೆಯ ಬೆಳಗ್ಗೆ ಪಾರ್ಕಿನಲ್ಲಿ ಅಮ್ಮ ತಾನಾಗಿಯೇ ಕನ್ನಡಕದವನ ತಾಯಿಯನ್ನು ನಿಲ್ಲಿಸಿ, ನನ್ನ ಮಗಳು ಸುಮ್ಮನಿರುವವಳಲ್ಲ, ತಿಳಿದಿರಲಿ ಎಂದು ಹೇಳಿಬಿಟ್ಟಳು. ಆಕೆ ಒಳ್ಳೆಯದೇ ಆಯಿತು ಹೇಳಿದ್ದು ಎಂದು ನಕ್ಕು, ಮರುದಿನದಿಂದ ಬೇರೆ ದಾರಿಯಲ್ಲಿ ವಾಕಿಂಗ್ ಹೋಗತೊಡಗಿದಳು. ಅಮ್ಮನಿಗೆ ಅಂದುಕೊಂಡಷ್ಟು ಬೇಸರವೇನೂ ಆಗಲಿಲ್ಲ.

ಶನಿವಾರ, ತಿಂಗಳ ಕೊನೆಯ ದಿನ, ಮಗಳನ್ನು ಕಂಪನಿಯವರು ಕರೆದರು. ಮಧ್ಯಾಹ್ನ ಅವಳು ವಾಪಸ್ ಬಂದಾಗ ಎಲ್ಲರೂ ಊಟಕ್ಕೆ ಕುಳಿತಿದ್ದರು. ಕೈಯಲ್ಲಿ ಕಾಗದವಿತ್ತು, ಸೋಮವಾರದಿಂದ ಕೆಲಸ. ಮಗ ಸೀಟಿಯೂದಲು ಬಾಯಿಗೆ ಬೆರಳಿಟ್ಟವನು ತಂಗಿಯ ಮುಖ ನೋಡಿ ಬೆರಳು ತೆಗೆದ.

"ಅಮ್ಮ, ನೀನು ಆ ಆಫೀಸಿಗೆ ಹೋಗಿದ್ದೆಯಾ?"

ಅಮ್ಮ ಹೂಂ ಎಂದಳು.

ಆಮೇಲೆ ಹತ್ತು ನಿಮಿಷ ಆ ಮನೆಯಲ್ಲಿ ಮಗಳ ದನಿ ಬಿಟ್ಟರೆ ಬೇರೆ ದನಿ ಇರಲಿಲ್ಲ. ತನಗೇನು ಶಾಲೆಗೆ ಹೋಗುವ ವಯಸ್ಸೇ, ಮದುವೆಯ ವ್ಯಾಪಾರ ಮಾಡಲು ಯಾರು ಹೇಳಿದ್ದರು, ಸೂಪರ್‌ವೈಸರ್ ಸಾರನ್ನು ತಾನು ಮನಸ್ಸಿನಲ್ಲೇ ಎಷ್ಟು ಬೈದುಕೊಂಡೆ ಗೊತ್ತೇ, ಅತ್ತಿಗೆಗಾದರೂ ಬುದ್ಧಿ ಬೇಡವೇ ಎಂದು ಒಂದೂ ಬಿಡದೆ ಕೇಳಿದಳು. ಸೊಸೆ ತಲೆ ತಗ್ಗಿಸಿ ಊಟ ಮಾಡಿದಳು. ಅಮ್ಮ ಮಾತ್ರ ಮಗಳನ್ನೇ ನೋಡುತ್ತಿದ್ದಳು. ಹತ್ತು ದಿನದ ಮೇಲೆ ಮನೆಯಲ್ಲಿ ಜಗಳದ ಸದ್ದು ಕೇಳಿ ಅವಳಿಗೆ ಜೀವಕ್ಕೆ ಹಾಯೆನಿಸಿತ್ತು.

ಕೊನೆಗೆ ಮಗಳು ಕುರ್ಚಿ ಎಳೆದು ಕುಳಿತಳು. "ಅಲ್ಲಿ ನನ್ನ ಬಗ್ಗೆ ಏನಂತ ಹೇಳಿದೆ?"

"ಜಗಳಗಂಟಿ ಅಂದೆ."

"ಅಷ್ಟೇನಾ?"

"ಬಟ್ಟೆ ಅಂಗಡಿ ವಿಷಯ ಹೇಳಿದೆ." ಅಮ್ಮ ಅವಳ ತಟ್ಟೆ ಮುಂದೆ ಸರಿಸಿ ಅನ್ನ ಬಡಿಸಿದಳು. "ಆ ದಿನ ನಾನು ನಿನಗೆ ಬೈಬಾರದಿತ್ತು. ನೀನು ಮಾಡಿದ್ದು ಸರಿ ಇತ್ತು. ಅಲ್ಲಿ ಹೇಳ್ತಾ ಇದ್ರೆ ನನಗೆ ಎಷ್ಟು ಹೆಮ್ಮೆ ಆಯ್ತು ಗೊತ್ತಾ. ಆರು ವರ್ಷ ತಡ ಆಯ್ತು ನೋಡು, ಹೇಳೋದು."

ಮಗಳು ಅನ್ನ ಕಲಸುತ್ತ, ಮುಖ ಎತ್ತದೆ, ಆ ಕಥೆ ಹೇಗೆ ಹೇಳಿದೆ, ಮೊದಲಿನಿಂದ ಹೇಳು ಎಂದಳು. ಅಮ್ಮ ಮೊದಲಿನಿಂದ ಹೇಳಿದಳು: ರಿಯಾಯಿತಿ ಮಾರಾಟ, ಜನ, ಕಡಿದ ಎಳೆಗಳು, ಸ್ಟೂಲು. ಮಗನೂ ಕೈ ತೊಳೆಯದೆ ಕೇಳುತ್ತ ಕುಳಿತ.

"ಮೂರು ಗಂಟೆ ಹಾಗೇ ಕೂತಿದ್ದಳು ಅಂದೆ."

"ಮೂರಲ್ಲಮ್ಮ," ಎಂದಳು ಮಗಳು. ಕಣ್ಣು ಒರೆಸಿಕೊಳ್ಳುತ್ತಿದ್ದಳು, ದನಿ ಮಾತ್ರ ಗಟ್ಟಿಯಾಗಿತ್ತು. "ನಾಲ್ಕೂವರೆ."

"ನನಗೆ ಗೊತ್ತಿಲ್ವಾ? ನಾಲ್ಕೂವರೆ ಅಂದಿದ್ರೆ ಯಾರು ನಂಬ್ತಿದ್ರು?"

"ಇದ್ದದ್ದು ಇದ್ದ ಹಾಗೆ ಹೇಳಬೇಕು. ಸೋಮವಾರ ಹೋದ ತಕ್ಷಣ ನಾನು ಅವರಿಗೆ ಸರಿ ಲೆಕ್ಕ ಹೇಳ್ತೀನಿ," ಎಂದು ಮಗಳು ಊಟಕ್ಕೆ ಕೈಹಾಕಿದಳು. ಅಮ್ಮ ಹೇಳಬೇಡ ಎನ್ನಲಿಲ್ಲ.